ಎಂಟರಿಂದ ಒಂಬತ್ತರವರೆಗೆ ಯಾರೂ ಇಲ್ಲ

ಅತ್ತಿಗೆ ಕೆಲಸದಿಂದ ಮನೆಗೆ ಬಂದರೆ ಮೊದಲು ಕ್ಲೋರಿನ್ ವಾಸನೆ ಒಳಗೆ ಬರುತ್ತಿತ್ತು, ಅದರ ಹಿಂದೆ ದನಿ, ಕೊನೆಗೆ ಅತ್ತಿಗೆ. ಆ ದಿನ ವಾಸನೆ ಬಂತು, ಅತ್ತಿಗೆಯೂ ಬಂದಳು. ದನಿ ಮಾತ್ರ ಬರಲಿಲ್ಲ. ಚಪ್ಪಲಿ ಬಿಟ್ಟು, ಚೀಲವನ್ನು ಬಾಗಿಲ ಹಿಂದೆ ಇಳಿಸಿ, ಅಡುಗೆಮನೆಯ ಕಟ್ಟೆಗೆ ಒರಗಿ ನೀರು ಕುಡಿದಳು. ಒಂದು ಲೋಟ, ಮತ್ತೊಂದು ಲೋಟ.

"ಏನಾಯ್ತೇ?" ಎಂದ ಅಣ್ಣ.

"ಮನೇಲಿ ಕೂತ್ಕೊಳಿ ಅಂದ್ರು. ವಿಚಾರಣೆ ಮುಗಿಯೋವರೆಗೆ."

ಸಾರ್ವಜನಿಕ ಈಜುಕೊಳದಲ್ಲಿ ಅತ್ತಿಗೆ ಲೈಫ್‌ಗಾರ್ಡ್. ಆಳದ ಕೊಳದ ಅಂಚಿನಲ್ಲಿ ಏಣಿ ಹತ್ತಿ ಕೂರುವ ಎತ್ತರದ ಕುರ್ಚಿಯಿದೆಯಲ್ಲ, ಬೆಳಗಿನ ಹೊತ್ತು ಅದು ಅವಳದು. ಕೊರಳಲ್ಲಿ ಸೀಟಿ, ತೊಡೆಯ ಮೇಲೆ ಕೆಂಪು ತೇಲುದಿಂಬು. ಮದುವೆಗೆ ಮೊದಲಿನಿಂದಲೂ ಅದೇ ಕೆಲಸ. ಕನ್ನಡಕದ ಅಂಗಡಿ ಇಟ್ಟಿದ್ದ ಅಣ್ಣ ಈಜು ಕಲಿಯಲು ಹೋಗಿ, ಕಲಿಯದೆ, ಅವಳನ್ನು ಮದುವೆಯಾಗಿ ಬಂದಿದ್ದ. "ಮುಳುಗ್ತಿದ್ದವನನ್ನ ಎತ್ತಿ ಹಾಕಿದ್ದೇ ತಪ್ಪಾಯ್ತು, ಇನ್ನೂ ಕೊರಳಿಗೇ ನೇತಾಡ್ತಿದ್ದಾನೆ" ಎಂದು ಅತ್ತಿಗೆ ನೆಂಟರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಈಗ ನಡೆದದ್ದನ್ನು ನಗದೆ ಹೇಳಿದಳು. ಹಿಂದಿನ ದಿನ ಬೆಳಿಗ್ಗೆ ಎಂಟೂವರೆಯ ಸುಮಾರಿಗೆ, ದಿನಾ ಬರುವ ನಿವೃತ್ತ ಪೋಸ್ಟ್‌ಮಾಸ್ತರರು ಆಳದ ಕೊಳದ ನಡುವೆ ಕಾಲು ಹಿಡಿದುಕೊಂಡು ಮುಳುಗಿದರು. ಅತ್ತಿಗೆ ಸೀಟಿ ಊದಿ ಹಾರಿದಳು. ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಅಂಚಿನವರೆಗೆ ಎಳೆದು ತಂದಳು. ಅದೇ ಕೊಳದ ಆಚೆ ತುದಿಯಲ್ಲಿ ಹುಡುಗರಿಗೆ ಈಜು ಕಲಿಸುತ್ತಿದ್ದ ಕೋಚ್ ಓಡಿ ಬಂದು ಮೇಲಕ್ಕೆ ಎತ್ತಿಕೊಂಡ. ಪೋಸ್ಟ್‌ಮಾಸ್ತರರು ಆಸ್ಪತ್ರೆಯಲ್ಲಿದ್ದಾರೆ, ಅಪಾಯವಿಲ್ಲ.

"ಮತ್ತೆ ನಿನಗೆ ಹಾರ ಹಾಕೋದು ಬಿಟ್ಟು ಮನೆಗೆ ಯಾಕೆ ಕಳಿಸಿದ್ರು?"

"ಪಾಳಿಪಟ್ಟಿ ನೋಡಿದ್ರಂತೆ. ನನ್ನ ಪಾಳಿ ಆರರಿಂದ ಒಂಬತ್ತು ತಾನೇ? ಅದರಲ್ಲಿ ಆರರಿಂದ ಎಂಟು ಅಂತಿದೆ. ಎಂಟರಿಂದ ಒಂಬತ್ತರವರೆಗೆ ಆಳದ ಕೊಳಕ್ಕೆ ಯಾರೂ ಇಲ್ಲ ಅಂತ ಕೆಂಪಗೆ ತೋರಿಸ್ತಿದೆ. ನಾನು ಎಂಟಕ್ಕೇ ಇಳಿದು ಹೋಗಿದ್ದೆ, ಗಲಾಟೆ ಕೇಳಿ ಓಡಿ ಬಂದೆ ಅಂತಾರೆ."

"ನೀನು ಒದ್ದೆಯಾಗಿದ್ಯಲ್ಲ!"

"ಈಜುಕೊಳದಲ್ಲಿ ಒದ್ದೆಯಾಗಿರೋದು ಒಂದು ಸಾಕ್ಷಿನಾ? ಅಲ್ಲಿ ಕಸ ಗುಡಿಸೋರೂ ಒದ್ದೆಯಾಗೇ ಇರ್ತಾರೆ."

ಪೋಸ್ಟ್‌ಮಾಸ್ತರರಿಗೆ ಯಾರದೋ ಕೈ ನೆನಪಿದೆ, ಮುಖ ನೆನಪಿಲ್ಲ. ಕೋಚ್ ನೋಡಿದಾಗ ಅತ್ತಿಗೆ ನೀರಿನಲ್ಲಿದ್ದಳು. ಕುರ್ಚಿಯಿಂದ ಹಾರಿದಳೋ ಬಟ್ಟೆ ಬದಲಿಸುವ ಕೋಣೆಯಿಂದ ಓಡಿ ಬಂದಳೋ ಅವನಿಗೆ ಗೊತ್ತಿಲ್ಲ. ಸೀಟಿ ಕೇಳಿಸಿತು ನಿಜ, ಆದರೆ ಬೆಳಗ್ಗಿನ ಹೊತ್ತಿಗೆ ಅಲ್ಲಿ ಸೀಟಿಗೆ ಬರವೇ? ಉಳಿದವರ ತಲೆ ನೀರಿನೊಳಗಿತ್ತು.

ಅಷ್ಟು ಹೇಳಿ ಅತ್ತಿಗೆ ಕಟ್ಟೆಯ ಮೂಲೆಯಲ್ಲಿ ನಿಂತಿದ್ದ ನಾದಿನಿಯ ಕಡೆ ತಿರುಗಿದಳು. "ಇನ್ನೊಂದು ಮಾತಿದೆ ಗುಬ್ಬಿ. ಆ ಪಾಳಿನ ತಾನು ಮುಟ್ಟಿಲ್ಲ ಅಂತಾನೆ ಮ್ಯಾನೇಜರ್. ಯಾರು ತಿದ್ದಿದ್ರು ಅಂತ ನೋಡಿದ್ರೆ ಯಾರ ಹೆಸರೂ ಇಲ್ಲವಂತೆ. 'ಹೊರಗಿನವರು ಇಷ್ಟು ಗುರುತಿಲ್ಲದ ಹಾಗೆ ಮಾಡೋಕಾಗಲ್ಲ ಮೇಡಂ, ನಿಮ್ಮ ಮನೇಲೇ ಕಂಪ್ಯೂಟರ್ ಹುಡುಗಿ ಇದ್ದಾಳಲ್ವಾ, ಬೇಗ ಇಳಿದು ಹೋಗಿದ್ದು ತಪ್ಪಾಗದಿರಲಿ ಅಂತ ಪಾಳಿನೇ ಕಮ್ಮಿ ಮಾಡಿಸ್ಕೊಂಡ್ರಾ' ಅಂತ ಕೇಳಿದ."

ಗುಬ್ಬಿಯ ಕಿವಿ ಬಿಸಿಯಾಯಿತು.

ಗುಬ್ಬಿ ಎಂಬುದು ಅತ್ತಿಗೆಯೇ ಇಟ್ಟ ಹೆಸರು. ಈ ಮನೆಗೆ ಬಂದ ಹೊಸದರಲ್ಲಿ, ಬಾಗಿಲ ಸಂದಿಯಿಂದ ಇಣುಕುತ್ತಿದ್ದ ನಾದಿನಿಯನ್ನು ಕಂಡು, "ಇದೇನಿದು ಗುಬ್ಬಿಮರಿ, ಕಾಳು ಹಾಕಿದ್ರೆ ಹತ್ರ ಬರುತ್ತಾ?" ಎಂದಿದ್ದಳು. ಹತ್ತಿರ ಬರಲು ಗುಬ್ಬಿಗೆ ವರ್ಷವೇ ಹಿಡಿದಿತ್ತು. ನಾಲ್ಕು ಜನ ಸೇರಿದ ಕಡೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವ ಹುಡುಗಿ ಅವಳು. ಅದಕ್ಕೇ ಡಿಗ್ರಿ ಮುಗಿಸಿ ಯಂತ್ರದ ಜೊತೆ ಮಾತಾಡುವ ಕೆಲಸ ಹಿಡಿದಳು. ಅವಳಿದ್ದ ಸಣ್ಣ ಕಂಪನಿ ಪಾಳಿಪಟ್ಟಿಯ ಸಾಫ್ಟ್‌ವೇರ್ ಮಾಡುತ್ತಿತ್ತು: ಯಾರು ಎಷ್ಟರಿಂದ ಎಷ್ಟರವರೆಗೆ, ಯಾರ ಮೇಲೆ ಯಾರ ಪಾಳಿ ಬಿತ್ತು, ನಡುವೆ ಎಲ್ಲಿ ಖಾಲಿ ಉಳಿಯಿತು. ಈಜುಕೊಳದವರು ಬಳಸುತ್ತಿದ್ದುದೂ ಅದನ್ನೇ. ಆ ಕೆಂಪು ಪಟ್ಟಿಯ ಬಣ್ಣ ಆರಿಸಿದವಳು ಗುಬ್ಬಿಯೇ.

"ನಾನೇನೂ ಮಾಡಿಲ್ಲ" ಎಂದಳು ಗುಬ್ಬಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೇಳಿಸಿತು ತನ್ನ ದನಿ ತನಗೇ.

"ನೀನು ಮಾಡಿದೆ ಅಂತ ನಾನೆಲ್ಲಿ ಅಂದೆ?" ಅತ್ತಿಗೆ ಮೂರನೆಯ ಲೋಟ ತುಂಬಿಸಿಕೊಂಡಳು.

ಗುಬ್ಬಿ ತನ್ನ ಕೋಣೆಗೆ ಬಂದು ಬಾಗಿಲು ಎಳೆದುಕೊಂಡಳು. ತಾನು ಮಾಡಿಲ್ಲ, ಸರಿ. ಮ್ಯಾನೇಜರ್ ಮಾಡಿಲ್ಲ ಎನ್ನುತ್ತಾನೆ. ಗುರುತಿಲ್ಲದೆ ಒಳಗೆ ಕೈ ಹಾಕಬಲ್ಲ ಲ್ಯಾಪ್‌ಟಾಪ್ ಈ ಮನೆಯಲ್ಲಿ ಒಂದೇ ಇದೆ, ಈ ಮೇಜಿನ ಮೇಲೆ. ಹೋದ ವಾರ ಒಂದು ಸಂಜೆ ಅತ್ತಿಗೆ ಇದೇ ಕುರ್ಚಿಯ ಬೆನ್ನಿಗೆ ಗಲ್ಲ ಊರಿ, "ಇದರೊಳಗೆ ನನ್ನ ಪಾಳಿ ಕಾಣುತ್ತೇನೇ?" ಎಂದು ಕೇಳಿರಲಿಲ್ಲವೇ? ಗುಬ್ಬಿ ತೆರೆದು ತೋರಿಸಿದ್ದಳು. "ಇಲ್ಲಿ ಒಂಬತ್ತು ಅಳಿಸಿ ಎಂಟು ಬರೆದ್ರೆ ನನಗೆ ಒಂದು ಗಂಟೆ ನಿದ್ದೆ ಸಿಗುತ್ತಾ?" ಎಂದು ಅತ್ತಿಗೆ ನಕ್ಕಿದ್ದಳು. ಆಗ ಯಾರೋ ಕದ ತಟ್ಟಿದ್ದರು, ಗುಬ್ಬಿ ಎದ್ದು ಹೋಗಿದ್ದಳು. ಲ್ಯಾಪ್‌ಟಾಪ್ ತೆರೆದೇ ಇತ್ತು. ಮರಳಿ ಬಂದಾಗ ಅತ್ತಿಗೆ ಕುರ್ಚಿಯ ಹಿಂದೆ ಇರಲಿಲ್ಲ, ಕುರ್ಚಿಯ ಮೇಲಿದ್ದಳು.

ಒಂಬತ್ತು ಅಳಿಸಿ ಎಂಟು. ಅದೇ ಮಾತು. ತಮಾಷೆಯ ಮಾತು ಬಾಯಿಂದ ಹೊರಡುವ ಮುಂಚೆ ಮನಸ್ಸಿನಲ್ಲಿ ಹುಟ್ಟಿರಬೇಕಲ್ಲ?

ಅನುಮಾನ ಎಂಬುದು ಕಾಲಿಗೆ ನಟ್ಟ ಗಾಜಿನ ಚೂರಿನ ಹಾಗೆ. ಕಣ್ಣಿಗೆ ಕಾಣದು, ಹೆಜ್ಜೆ ಇಟ್ಟಾಗಲೆಲ್ಲ ಇದೆ ಎನ್ನುತ್ತದೆ. ಮರುದಿನ ಬೆಳಿಗ್ಗೆ ಅತ್ತಿಗೆ ಹಾಡು ಗುನುಗುತ್ತಾ ಟೀ ಸೋಸುತ್ತಿದ್ದುದೂ ಗುಬ್ಬಿಗೆ ಅನುಮಾನವೇ: ಕೆಲಸ ಹೋಗುವ ಹೊತ್ತಿನಲ್ಲಿ ಯಾರಾದರೂ ಹಾಡುತ್ತಾರೆಯೇ? ಹಾಡು ನಿಲ್ಲಿಸಿದರೆ ಅದೂ ಅನುಮಾನ: ನಾನು ಬಂದೆನೆಂದು ನಿಲ್ಲಿಸಿದಳು. ಅಣ್ಣ ಟೀ ಕುಡಿಯುತ್ತಾ, "ನಮ್ಮ ಅಂಗಡಿಯ ಎಲ್ಲಾ ಗಾಜು ಹಾಕಿ ನೋಡಿದ್ರೂ ಇವಳಲ್ಲಿ ಒಂದು ತಪ್ಪು ಕಾಣಲ್ಲ ನನಗೆ" ಎಂದಾಗ, ನಿನಗೆ ಕಾಣದಿರುವುದೇ ದೊಡ್ಡ ತೊಂದರೆ ಎಂದುಕೊಂಡಳು ಗುಬ್ಬಿ.

ಅಣ್ಣ ಅಂಗಡಿಗೆ ಹೋದ ಮೇಲೆ ಕೇಳಿಯೇ ಬಿಟ್ಟಳು. ಕೇಳಿದ್ದು ನೆಲಕ್ಕೆ.

"ಅತ್ತಿಗೆ, ನೀವು ನನ್ನ ಲ್ಯಾಪ್‌ಟಾಪ್ ಮುಟ್ಟಿದ್ರಾ?"

"ಮುಟ್ಟಿದ್ದೆ. ಒಂದು ಬೆರಳು ಧೂಳಿತ್ತು. ಒರೆಸಿದೆ."

"ಅಲ್ಲ, ಒಳಗೆ… ಏನಾದ್ರೂ ಒತ್ತಿದ್ರಾ?"

ಅತ್ತಿಗೆ ಸೋಸುವ ಜರಡಿಯನ್ನು ಬಡಿದು ಟೀ ಸೊಪ್ಪು ಚೆಲ್ಲಿದಳು. ಆಮೇಲೆ ತಿರುಗಿ, ನೀರಿನಲ್ಲಿ ಯಾರಾದರೂ ತಲೆ ಎತ್ತುತ್ತಾರೋ ಇಲ್ಲವೋ ಎಂದು ಕಾಯುವ ಹಾಗೆ, ನಾದಿನಿಯನ್ನೇ ನೋಡುತ್ತಾ ನಿಂತಳು. ಗುಬ್ಬಿ ತಲೆ ಎತ್ತಲಿಲ್ಲ.

"ಮ್ಯಾನೇಜರ್ ಕೇಳಿದಾಗ ಸಿಟ್ಟು ಬಂತು" ಎಂದಳು ಅತ್ತಿಗೆ. "ನೀನು ಕೇಳಿದಾಗ ಸಿಟ್ಟೂ ಬರ್ತಿಲ್ಲ ನೋಡು."

ಒತ್ತಿದೆ ಎನ್ನಲಿಲ್ಲ, ಒತ್ತಿಲ್ಲ ಎನ್ನಲೂ ಇಲ್ಲ. ಗುಬ್ಬಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಆಫೀಸಿಗೆ ನಡೆದಳು. ದಾರಿಯುದ್ದಕ್ಕೂ ಒಂದೇ ಯೋಚನೆ: ಹಿಡಿಯಬೇಕು. ವಿಚಾರಣೆ ಸೋಮವಾರ. ಅತ್ತಿಗೆ ಸುಳ್ಳು ಹೇಳಿದ್ದರೆ ಆ ಸುಳ್ಳು ಬೇರೆಯವರ ಕೈಗೆ ಸಿಗುವ ಮೊದಲು ತನ್ನ ಕೈಗೆ ಸಿಗಬೇಕು. ಸಿಕ್ಕರೆ ಏನು ಮಾಡುವುದು ಎಂದು ಮಾತ್ರ ಅವಳು ಯೋಚಿಸಿರಲಿಲ್ಲ.

ಆಫೀಸು ಎಂದರೆ ಒಂದು ಬೇಕರಿಯ ಮೇಲಿನ ಮೂರು ಕೋಣೆ. ಒಂದರಲ್ಲಿ ಬಾಸ್, ಒಂದರಲ್ಲಿ ಹಳೆಯ ಪ್ರಿಂಟರ್‌ಗಳು, ನಡುವಿನದರಲ್ಲಿ ಉಳಿದವರೆಲ್ಲ. ಎಲ್ಲರಿಗಿಂತ ಹಿರಿಯ ಪ್ರೋಗ್ರಾಮರನ್ನು 'ಗುರುಗಳು' ಎಂದೇ ಕರೆಯುತ್ತಿದ್ದರು. ಗೌರವಕ್ಕೆ ಶುರುವಾಗಿ ತಮಾಷೆಗೆ ತಿರುಗಿದ ಹೆಸರು. ಅವರಿಗೆ ಇನ್ನೂ ಗೌರವವೆಂದೇ ಕೇಳಿಸುತ್ತಿತ್ತು. ಗುಬ್ಬಿ ಒಳಗೆ ಬರುತ್ತಿದ್ದ ಹಾಗೆ ಅವರ ಕುರ್ಚಿ ತಿರುಗುವುದು ನಿಂತಿತು. ಈಜುಕೊಳದಿಂದ ಇಲ್ಲಿಗೂ ಫೋನ್ ಬಂದಿದೆ ಎಂದು ಅವಳಿಗೆ ಆಗಲೇ ತಿಳಿಯಿತು.

"ಏನಮ್ಮಾ, ಮನೆಯವರ ಪಾಳಿ ಮನೆಯಿಂದಲೇ ನೋಡ್ಕೊಳ್ತಿದ್ದೀಯಂತೆ?" ಎಂದರು ಗುರುಗಳು.

ಅವಳು ಕೂತು ಲ್ಯಾಪ್‌ಟಾಪ್ ತೆರೆದಳು. ಮೊದಲು ನೋಡಿದ್ದು ತನ್ನದೇ ಲ್ಯಾಪ್‌ಟಾಪಿನ ಜಾಡು. ಆ ಸಂಜೆ ಅದು ಪಾಳಿಪಟ್ಟಿಯನ್ನು ತೆರೆದಿದೆ, ಓದಿದೆ, ಮುಚ್ಚಿದೆ. ಬರೆದಿಲ್ಲ. ಒಂದಕ್ಷರವೂ ಬರೆದಿಲ್ಲ. ಗುಬ್ಬಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಜಾಡು ಅಳಿಸಿದ್ದರೆ? ಟಿವಿಯ ರಿಮೋಟನ್ನು ತಲೆಕೆಳಗಾಗಿ ಹಿಡಿಯುವ ಅತ್ತಿಗೆ ಜಾಡು ಅಳಿಸುವಳೇ ಎಂದು ಮನಸ್ಸಿನ ಒಂದು ಮೂಲೆ ನಕ್ಕಿತು. ಇನ್ನೊಂದು ಮೂಲೆ ನಗಲಿಲ್ಲ.

ಆಮೇಲೆ ಪೋಸ್ಟ್‌ಮಾಸ್ತರರು ಮುಳುಗಿದ ಬೆಳಗಿನ ತಿದ್ದುಪಡಿಗಳನ್ನು ನೋಡಿದಳು. ಇದ್ದದ್ದು ಒಂದೇ, ಮ್ಯಾನೇಜರ್ ಹೆಸರಿನಲ್ಲಿ. ಮಕ್ಕಳ ಕೊಳದ ಚರಂಡಿ ಕಟ್ಟಿಕೊಂಡು ಅದನ್ನು ಬೇಗ ಮುಚ್ಚಿದ್ದರಿಂದ, ಅಲ್ಲಿನ ಗಾರ್ಡ್‌ನ ಪಾಳಿಯನ್ನು ಒಂಬತ್ತರಿಂದ ಎಂಟಕ್ಕೆ ಇಳಿಸಿದ್ದಾನೆ. ಆ ಗಾರ್ಡ್ ಎಂಟಕ್ಕೆ ಮನೆಗೆ ಹೋಗಿದ್ದಾನೆ. ಸರಿಯಾಗಿಯೇ ಇದೆ. ಅತ್ತಿಗೆಯ ಪಾಳಿಯ ಎದುರು ಯಾರ ಹೆಸರೂ ಇಲ್ಲ. ಮೊದಲು ಒಂಬತ್ತಿತ್ತು, ಈಗ ಎಂಟಿದೆ. ನಡುವೆ ಯಾವ ಕೈಯೂ ಇಲ್ಲ.

ಇಬ್ಬರದೂ ಎಂಟು. ಒಬ್ಬನದು ಬೇಕೆಂದು ಇಳಿಸಿದ್ದು, ಇನ್ನೊಬ್ಬಳದು ತಾನಾಗಿ ಇಳಿದದ್ದು.

ಗುಬ್ಬಿ ಉಗುರು ಕಚ್ಚುತ್ತಾ ಆ ಎರಡನ್ನೂ ನೋಡಿದಳು. ಅವರ ಪ್ರೋಗ್ರಾಂನಲ್ಲಿ 'ಅವಧಿ' ಎಂಬುದೊಂದು ವಸ್ತು. ಅದಕ್ಕೆ ಒಂದು ಮೊದಲು, ಒಂದು ಕೊನೆ. ಎಷ್ಟು ಉದ್ದ ಎಂದು ಕೇಳಿದರೆ ಹೇಳುತ್ತದೆ, ಇನ್ನೊಂದು ಅವಧಿಯ ಮೇಲೆ ಬಿದ್ದಿದ್ದೀಯಾ ಎಂದರೆ ಹೌದು-ಇಲ್ಲ ಎನ್ನುತ್ತದೆ, ನಿನ್ನ ಕೊನೆಯನ್ನು ಹಿಂದಕ್ಕೆ ಎಳೆದುಕೋ ಎಂದರೆ ಎಳೆದುಕೊಳ್ಳುತ್ತದೆ. ಪಾಳಿ ಎಂದರೆ ಒಬ್ಬ ಮನುಷ್ಯ, ಒಂದು ಜಾಗ, ಒಂದು ಅವಧಿ. ಪಟ್ಟಿ ತುಂಬಿಸುವವರಿಗೆ ಬೇಸರವಾಗದಿರಲೆಂದು 'ಮೇಲಿನಂತೆಯೇ' ಎಂಬ ಗುಂಡಿಯೂ ಇತ್ತು. ಮಕ್ಕಳ ಕೊಳದವನಿಗೆ ಆರರಿಂದ ಒಂಬತ್ತು ಎಂದು ಒಮ್ಮೆ ತುಂಬಿಸಿ, ಕೆಳಗಿನ ಸಾಲಿನಲ್ಲಿ ಅತ್ತಿಗೆಗೆ ಆ ಗುಂಡಿ ಒತ್ತಿದರೆ ಮುಗಿಯಿತು.

ಅವಳು ಅದೇ ಪಟ್ಟಿಯನ್ನು ತನ್ನ ಯಂತ್ರದಲ್ಲಿ ಮತ್ತೆ ಕಟ್ಟಿದಳು, ಅದೇ ಗುಂಡಿ ಒತ್ತಿದಳು. ನಂತರ ಪ್ರೋಗ್ರಾಂ ಅನ್ನು ನಡುವೆ ನಿಲ್ಲಿಸಿ ಕೇಳಿದಳು: ಈ ಎರಡು ಅವಧಿಗಳು ಸಮವೇ? ಹೌದು ಎಂದಿತು. ಆಗಬೇಕಾದದ್ದೇ, ಎರಡೂ ಆರರಿಂದ ಒಂಬತ್ತು. ಬೆರಳು ಒಂದು ಕ್ಷಣ ತಡೆಯಿತು. ಈ ಎರಡೂ ಒಂದೇ ವಸ್ತುವೇ?

ಹೌದು.

ಗುಂಡಿ ಅವಧಿಯ ನಕಲು ಮಾಡುತ್ತಿರಲಿಲ್ಲ. ಮೇಲಿನವನ ಅವಧಿಯನ್ನೇ ಕೆಳಗಿನವಳಿಗೂ ತೋರಿಸಿ, ಇದು ನಿನ್ನದೂ ಹೌದು ಎನ್ನುತ್ತಿತ್ತು. ಒಂದೇ ಕಂಬಳಿ ಹೊದ್ದು ಮಲಗಿದ ಇಬ್ಬರಲ್ಲಿ ಒಬ್ಬ ತನ್ನ ಕಡೆ ಎಳೆದುಕೊಂಡರೆ ಇನ್ನೊಬ್ಬನ ಕಾಲು ಬಯಲಾಗುವುದಿಲ್ಲವೇ, ಹಾಗೆ. ಮ್ಯಾನೇಜರ್ ಮಕ್ಕಳ ಕೊಳದವನ ಅವಧಿಯನ್ನು ಎಂಟಕ್ಕೆ ಎಳೆದಾಗ ಅತ್ತಿಗೆಯದೂ ಎಂಟಕ್ಕೆ ಬಂತು. ಅವನು ಮುಟ್ಟಿದ್ದು ಒಂದನ್ನೇ, ಆದ್ದರಿಂದ ಹೆಸರು ಬಿದ್ದದ್ದೂ ಒಂದರ ಎದುರೇ.

ಗುಬ್ಬಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಅತ್ತಿಗೆಯನ್ನು ಹಿಡಿಯಲು ಹೊರಟವಳ ಬಲೆಗೆ ಬಿದ್ದದ್ದು ಬೇರೆ ಮೀನು.

"ಗುರುಗಳೇ" ಎಂದಳು.

ಗುರುಗಳು ಬಂದು ನೋಡಿದರು. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ಈ ಗುಂಡಿ ಬರೆದವನು ನಾನು" ಎಂದರು. "ಇಷ್ಟು ವರ್ಷ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಸರಿಯಾಗಿ ನಿಮ್ಮ ಅತ್ತಿಗೆ ಸಿಕ್ಕಿಬಿದ್ದ ಮರುದಿನವೇ ಇದರಲ್ಲಿ ದೋಷ ಹುಟ್ಟಿಕೊಳ್ತಾ? ನಿನ್ನೆ ಸಂಜೆ ನೀನು ಈ ಕಡತ ಮುಟ್ಟಿಲ್ಲ ಅಂತ ನಾನು ಹೇಗೆ ನಂಬಲಿ?"

"ಹಳೇ ಪ್ರತಿ ನೋಡಿ. ಅದರಲ್ಲೂ ಇದೆ."

"ಹಳೇ ಪ್ರತಿಗೂ ನಿನ್ನ ಕೈ ಎಟುಕುತ್ತಲ್ಲ."

ಬೆಳಿಗ್ಗೆಯಿಂದ ತಾನು ಅತ್ತಿಗೆಯ ಮೇಲೆ ಎಸೆಯುತ್ತಿದ್ದ ಕಲ್ಲುಗಳೇ ಇವು. ಜಾಡು ಇದ್ದರೆ ಕಳ್ಳಿ, ಜಾಡಿಲ್ಲದಿದ್ದರೆ ಜಾಣ ಕಳ್ಳಿ.

ಬಾಸ್ ಒಳಗೆ ಕರೆದರು. ಅವರು ನಯವಾಗಿ ಮಾತಾಡುವವರು. "ಕೂತ್ಕೋ. ನೀನು ಹೇಳೋದು ನಿಜವೇ ಇರಬಹುದು. ವಿಚಾರಣೆ ಮುಗಿದ ಮೇಲೆ ಸದ್ದಿಲ್ಲದೆ ಸರಿಪಡಿಸಿಬಿಡು, ಒಳ್ಳೇದು. ಆದ್ರೆ ಹೊರಗೆ ಹೇಳೋದು ಬೇಡ. ನಮ್ಮ ಮನೆ ಬಟ್ಟೆ ಬೀದೀಲಿ ಒಗೆಯೋಕಾಗುತ್ತಾ? ನಮ್ಮ ಸಾಫ್ಟ್‌ವೇರ್ ತಗೊಂಡಿರೋ ಆಸ್ಪತ್ರೆಯವರು ಕೇಳ್ತಾರೆ, ಕಾರ್ಖಾನೆಯವರು ಕೇಳ್ತಾರೆ. ಸೋಮವಾರ ನಾನು ಬರ್ತೀನಿ, 'ನಮ್ಮ ಕಡೆಯಿಂದ ಯಾರೂ ತಿದ್ದಿಲ್ಲ' ಅಂತ ಹೇಳ್ತೀನಿ. ಅದು ನಿಜ ತಾನೇ? ನಿನ್ನ ಮೇಲಿನ ಅನುಮಾನ ಅಲ್ಲಿಗೇ ಹೋಗುತ್ತೆ."

"ಅತ್ತಿಗೆ ಮೇಲಿಂದು?"

"ಅವರ ಪಾಳಿ ವಿಷಯ ಅವರು, ಮ್ಯಾನೇಜರ್ ನೋಡ್ಕೋತಾರೆ."

ಸೋಮವಾರದವರೆಗೆ ಮನೆಯಲ್ಲಿ ಗುಬ್ಬಿ ಏನೂ ಹೇಳಲಿಲ್ಲ. ಹೇಳಲು ಹೋದಾಗಲೆಲ್ಲ, ಯಾಕೆ ಹುಡುಕಲು ಹೋದೆ ಎಂಬುದನ್ನೂ ಹೇಳಬೇಕಾಗುತ್ತದಲ್ಲ ಎಂದು ಮಾತು ಹಿಂದಕ್ಕೆ ಸರಿಯುತ್ತಿತ್ತು. ಅತ್ತಿಗೆ ಬೀರು ತೆರೆದು ಬಟ್ಟೆಗಳನ್ನೆಲ್ಲ ಮಡಿಸಿದಳು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು. ಗುಬ್ಬಿಯ ಕೋಣೆಯ ಕಸ ಮಾತ್ರ ಗುಡಿಸಲಿಲ್ಲ. ಕಸಪೊರಕೆ ಹೊಸ್ತಿಲವರೆಗೆ ಬಂದು ತಿರುಗಿಬಿಡುತ್ತಿತ್ತು.

ಈಜುಕೊಳದ ಆಫೀಸು ಒಂದು ಗಾಜಿನ ಗೋಡೆಯ ಕೋಣೆ. ಗಾಜಿನಾಚೆ ಆಳದ ಕೊಳ, ನೀಲಿ ಹೆಂಚು, ಎತ್ತರದ ಕುರ್ಚಿಯ ಮೇಲೆ ಯಾರೋ ಹೊಸ ಗಾರ್ಡ್. ಒಳಗೆ ಮೇಜಿನ ಈಚೆ ಬಾಸ್, ಗುರುಗಳು, ಗುಬ್ಬಿ. ಆಚೆ ಮ್ಯಾನೇಜರ್, ಅವನ ಪಕ್ಕ ಕೋಚ್. ಎರಡೂ ಕಡೆ ಸೇರದ ಹಾಗೆ ಬಾಗಿಲ ಬಳಿ ಅತ್ತಿಗೆ. ಮ್ಯಾನೇಜರ್ ಪ್ರತಿಯೊಬ್ಬರನ್ನೂ ಜೇಬು ತಡಕುವ ಹಾಗೆ ನೋಡುತ್ತಿದ್ದ.

"ನಮ್ಮ ಸಾಫ್ಟ್‌ವೇರ್ ಒಳಗೆ ಯಾರೂ ಕೈ ಹಾಕಿಲ್ಲ" ಎಂದರು ಬಾಸ್. "ಪರೀಕ್ಷೆ ಮಾಡಿದ್ದೀವಿ."

"ಹಾಗಾದ್ರೆ ಪಟ್ಟಿ ಸರಿ" ಎಂದ ಮ್ಯಾನೇಜರ್. "ಎಂಟರಿಂದ ಒಂಬತ್ತು ಯಾರೂ ಇಲ್ಲ. ಮೇಡಂ, ಇನ್ನೇನಾದ್ರೂ ಹೇಳೋದಿದೆಯಾ?"

"ಹೇಳಿದ್ದೇ ಎಷ್ಟು ಸಲ ಹೇಳ್ಲಿ? ನಾನು ಅಲ್ಲೇ ಇದ್ದೆ."

"ಸರ್" ಎಂದಳು ಗುಬ್ಬಿ.

ಎಲ್ಲರೂ ತಿರುಗಿದರು. ಅವಳ ನಾಲಿಗೆ ಎಂದಿನಂತೆ ಅಂಗುಳಕ್ಕೆ ಅಂಟಿತು. ಬಾಸ್ ಕೆಮ್ಮಿದರು. ಆ ಕೆಮ್ಮು ಒಂದು ಆಜ್ಞೆ ಎಂದು ಅವಳಿಗೆ ಗೊತ್ತಿತ್ತು. ಮಾತಾಡಲು ಆಗದಿದ್ದರೆ ಬೇಡ, ಕೈಯಲ್ಲಿ ತೋರಿಸಬಹುದಲ್ಲ ಎಂದುಕೊಂಡು ಎದ್ದು ಮ್ಯಾನೇಜರನ ಕಂಪ್ಯೂಟರ್ ಕಡೆ ಬೆರಳು ಮಾಡಿದಳು.

"ನಾನು ಮುಟ್ಟಲ್ಲ. ನೀವೇ ಮಾಡಿ. ಮುಂದಿನ ತಿಂಗಳ ಪಟ್ಟಿ ತೆಗೀರಿ. ಯಾರಾದ್ರೂ ಇಬ್ಬರು, ನಿಮಗೆ ಬೇಕಾದವರು."

ಮ್ಯಾನೇಜರ್ ಅನುಮಾನದಿಂದಲೇ ತೆಗೆದ. ಒಬ್ಬರ ಹೆಸರು ಆರಿಸಿದ. ಅವಳ ಮುಖ ನೋಡಿ, ಇದರಲ್ಲೇನೋ ಕೈವಾಡವಿದೆ ಎನಿಸಿರಬೇಕು, ಅಳಿಸಿ ಬೇರೆ ಆರಿಸಿದ: ಕೋಚ್‌ನ ಹೆಸರು. ಹನ್ನೆರಡರಿಂದ ಮೂರು ಎಂದು ತುಂಬಿಸಿದ. ಕೆಳಗಿನ ಸಾಲಿಗೆ ತನ್ನ ಹೆಸರನ್ನೇ ಹಾಕಿ 'ಮೇಲಿನಂತೆಯೇ' ಒತ್ತಿದ.

"ಈಗ ಕೋಚ್ ಒಂದು ಗಂಟೆಗೆ ಮನೆಗೆ ಹೋಗ್ಲಿ" ಎಂದಳು ಗುಬ್ಬಿ.

ಮ್ಯಾನೇಜರ್ ಮೂರನ್ನು ಒಂದಕ್ಕೆ ಇಳಿಸಿದ. ಉಳಿಸಿದ. ಪರದೆ ಒಮ್ಮೆ ಮಿಟುಕಿತು. ಕೋಚ್ ಹನ್ನೆರಡರಿಂದ ಒಂದು. ಮ್ಯಾನೇಜರ್ ಹನ್ನೆರಡರಿಂದ ಒಂದು. ಒಂದರಿಂದ ಮೂರರವರೆಗೆ ಕೆಂಪು ಪಟ್ಟಿ: ಯಾರೂ ಇಲ್ಲ.

"ಸಾರ್, ನೀವೂ ನನ್ನ ಜೊತೆ ಮನೆಗೆ ಬರ್ತಿದ್ದೀರಿ!" ಎಂದ ಕೋಚ್.

ಮ್ಯಾನೇಜರ್ ನಗಲಿಲ್ಲ. ಇನ್ನೊಂದು ಜೋಡಿ ಮಾಡಿ ನೋಡಿದ. ಮತ್ತೊಂದು. ಪ್ರತಿ ಸಲವೂ ಒಬ್ಬರನ್ನು ಎಳೆದರೆ ಇಬ್ಬರೂ ಬಂದರು. ಬಾಸ್ ಗೋಡೆಯ ಗಡಿಯಾರ ನೋಡುತ್ತಿದ್ದರು. ಗುರುಗಳು ಮುಂದೆ ಬಾಗಿ, ಯಾರಿಗೂ ಅಲ್ಲದ ದನಿಯಲ್ಲಿ ಹೇಳಿದರು: "ಒಬ್ಬೊಬ್ಬರಿಗೆ ಒಂದೊಂದು ಅವಧಿ ಬೇಕಿತ್ತು. ಬದಲಾಯಿಸೋದಾದ್ರೆ ಹಳೇದನ್ನ ಮುಟ್ಟದೆ ಹೊಸದನ್ನೇ ಕೊಡಬೇಕಿತ್ತು. ಅಷ್ಟೇ." ಗುಬ್ಬಿಯ ಕಡೆ ಅವರು ತಿರುಗಲಿಲ್ಲ.

ಬಾಗಿಲ ಬಳಿಯಿಂದ ಅತ್ತಿಗೆಯ ದನಿ ಬಂತು, ಬಹಳ ದಿನದ ಮೇಲೆ ಅದರ ಪೂರ್ತಿ ಗಾತ್ರದಲ್ಲಿ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಅಲ್ಲಿ ಚರಂಡಿ ಕಟ್ಟಿಕೊಂಡಿದ್ದಕ್ಕೆ ಇಲ್ಲಿ ನನ್ನ ಕತ್ತು."

"ಸರಿ ಮೇಡಂ, ನಿಮ್ಮ ಪಾಳಿ ಒಂಬತ್ತರವರೆಗೆ ಇತ್ತು, ಒಪ್ಪಿದೆ" ಎಂದ ಮ್ಯಾನೇಜರ್. ಹಿಡಿದದ್ದನ್ನು ಅಷ್ಟು ಸುಲಭವಾಗಿ ಬಿಡುವವನಲ್ಲ. "ಆದ್ರೆ ಪಾಳಿ ಇತ್ತು ಅನ್ನೋದೂ ಕುರ್ಚಿ ಮೇಲೆ ಇದ್ರಿ ಅನ್ನೋದೂ ಒಂದೇ ಅಲ್ಲವಲ್ಲ?"

"ಅದು ಪಟ್ಟಿಗೆ ಗೊತ್ತಿಲ್ಲ ಸರ್" ಎಂದಳು ಗುಬ್ಬಿ. "ಯಾವತ್ತೂ ಗೊತ್ತಿರಲಿಲ್ಲ. ಇಷ್ಟರಿಂದ ಇಷ್ಟರವರೆಗೆ ಅಂತ ನಾವು ಹೇಳಿದ್ದನ್ನೇ ಅದು ತಿರುಗಿ ಹೇಳೋದು. ಇಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಇದ್ದ ಸಾಕ್ಷಿ ಅದೊಂದೇ. ಅದು ಸುಳ್ಳಾಯ್ತು. ಇದ್ದೆ ಅನ್ನೋದಕ್ಕೆ ಅತ್ತಿಗೆ ಮಾತಿದೆ, ಪೋಸ್ಟ್‌ಮಾಸ್ತರರ ಉಸಿರಿದೆ."

ಕೋಚ್ ತಲೆ ಕೆರೆದುಕೊಂಡ. "ಬಟ್ಟೆ ಬದಲಿಸೋ ಕೋಣೆಯಿಂದ ಓಡಿ ಬಂದಿದ್ರೆ ನನ್ನ ಪಕ್ಕದಿಂದಲೇ ಬರಬೇಕಿತ್ತು. ನನ್ನನ್ನ ಯಾರೂ ದಾಟಲಿಲ್ಲ ಸಾರ್. ಆ ಪಟ್ಟಿ ನೋಡಿ ನನಗೇ ನನ್ನ ಮೇಲೆ ಅನುಮಾನ ಬಂದಿತ್ತು."

ಮ್ಯಾನೇಜರ್ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಕೊನೆಗೆ, "ನಾಳೆಯಿಂದ ಬನ್ನಿ ಮೇಡಂ" ಎಂದ. ತಕ್ಷಣ ಬಾಸ್ ಕಡೆ ತಿರುಗಿ, "ಆದ್ರೆ ಇನ್ನು ಮೇಲೆ ನನಗೆ ಈ ಗೊಂದಲ ಬೇಡ. ಕುರ್ಚಿಗೆ ಒಂದು ಗುಂಡಿ ಹಾಕಿಕೊಡಿ. ಗಾರ್ಡ್ ಐದೈದು ನಿಮಿಷಕ್ಕೆ ಒತ್ತಬೇಕು. ಒತ್ತದಿದ್ರೆ ಅವರು ಅಲ್ಲಿಲ್ಲ ಅಂತ ಲೆಕ್ಕ."

ಬಾಸ್ ಮುಖ ಅರಳಿತು. "ಧಾರಾಳವಾಗಿ. ಇವಳೇ ಬರೀತಾಳೆ."

ಗುಬ್ಬಿ ಗಾಜಿನಾಚೆ ನೋಡಿದಳು. ಕುರ್ಚಿಯ ಮೇಲಿನ ಗಾರ್ಡ್ ಕತ್ತನ್ನು ನಿಧಾನವಾಗಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತಿರುಗಿಸುತ್ತಿದ್ದ. ನೀರಿನ ಮೇಲೆ ಏಳೆಂಟು ತಲೆಗಳು ಏಳುತ್ತಾ ಮುಳುಗುತ್ತಾ ಇದ್ದವು.

"ಗುಂಡಿ ಒತ್ತೋವಾಗ ಗಾರ್ಡ್ ಕಣ್ಣು ಗುಂಡಿ ಮೇಲಿರುತ್ತೆ ಸರ್" ಎಂದಳು. "ಐದು ನಿಮಿಷ ಆಯ್ತಾ, ಮರೆತೆನಾ ಅಂತ ಅರ್ಧ ಗಮನ ಯಾವಾಗಲೂ ಅಲ್ಲೇ ಇರುತ್ತೆ. ಅಷ್ಟು ಹೊತ್ತು ನೀರನ್ನ ನೋಡೋರು ಯಾರೂ ಇಲ್ಲ. ಆ ಅವಧಿನ ಯಾರ ಹೆಸರಲ್ಲಿ ಬರೀಲಿ? ಗಾರ್ಡ್ ಹೆಸರಲ್ಲಾ, ನಿಮ್ಮ ಹೆಸರಲ್ಲಾ?"

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿದ. "ಆಮೇಲೆ ನೋಡೋಣ" ಎಂದ.

ಹಿಂದಿರುಗುವಾಗ ಬಾಸ್ ಗುರುಗಳ ಜೊತೆ ಮಾತ್ರ ಮಾತಾಡಿದರು. ಬೇಕರಿಯ ಮೇಲಿನ ಆ ಕುರ್ಚಿ ತನಗೆ ಇನ್ನೆಷ್ಟು ದಿನ ಎಂದು ಗುಬ್ಬಿಗೆ ಅನಿಸಿತು, ಆದರೆ ಅದಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದುದು ಮನೆ.

ಸಂಜೆ ಅತ್ತಿಗೆ ತಾನಾಗಿಯೇ ಗುಬ್ಬಿಯ ಕೋಣೆಯ ಹೊಸ್ತಿಲಲ್ಲಿ ಬಂದು ನಿಂತಳು. "ಚೆನ್ನಾಗಿ ಮಾತಾಡಿದೆ. ನನಗೇ ಗೊತ್ತಿರಲಿಲ್ಲ ನಿನಗೆ ಅಷ್ಟು ದೊಡ್ಡ ಗಂಟಲಿದೆ ಅಂತ."

"ಅತ್ತಿಗೆ…"

"ಆ ದೋಷ ಸಿಕ್ಕಿದ್ದು ಹೇಗೆ? ನನಗಾಗಿ ಹುಡುಕಿದ್ಯಾ, ನನ್ನನ್ನ ಹುಡುಕಿದ್ಯಾ?"

ಸುಳ್ಳು ಹೇಳಬಹುದಿತ್ತು. ಅತ್ತಿಗೆಯೂ ಅದನ್ನೇ ಬಯಸಿ ಕೇಳಿದ ಹಾಗಿತ್ತು. "ನಿಮ್ಮನ್ನ" ಎಂದಳು ಗುಬ್ಬಿ.

"ಈಗ ನಂಬಿಕೆ ಬಂತಾ?"

"ಬಂತು."

"ಯಂತ್ರ ಹೇಳ್ತು ಅಂತ."

ಅತ್ತಿಗೆ ಒಳಗೆ ಬರದೆ ಅಡುಗೆಮನೆಗೆ ಹೋದಳು. ಅಲ್ಲಿ ಅಣ್ಣನಿಗೆ ಏನೋ ಹೇಳಿ ನಕ್ಕದ್ದು ಕೇಳಿಸಿತು. ಆ ನಗುವಿನಲ್ಲಿ ತನ್ನ ಹೆಸರಿದೆಯೇ ಎಂದು ಗುಬ್ಬಿ ಕಿವಿಗೊಟ್ಟಳು. ಇರಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಬದಲು ಕಾಲು ಅವಳನ್ನು ಈಜುಕೊಳಕ್ಕೆ ಕರೆದೊಯ್ದಿತು. ಅತ್ತಿಗೆ ಕುರ್ಚಿಯ ಮೇಲಿದ್ದಳು. ಕೊಳದ ಮೇಲೆ ತೆಳ್ಳಗೆ ಹಬೆಯಾಡುತ್ತಿತ್ತು. ಗುಬ್ಬಿ ಒದ್ದೆ ಹೆಂಚಿನ ಮೇಲೆ ಸದ್ದಿಲ್ಲದೆ ನಡೆದು ಹೋಗಿ ಕುರ್ಚಿಯ ಹಿಂದೆ ನಿಂತಳು. ಕ್ಷಮೆ ಕೇಳಬೇಕೆಂದಿದ್ದಳು. ಕೆಲಸದ ನಡುವೆ ಕೇಳಬಹುದೋ ಇಲ್ಲವೋ ತಿಳಿಯಲಿಲ್ಲ.

ಅತ್ತಿಗೆ ತಿರುಗಲಿಲ್ಲ. ಕಣ್ಣು ನೀರಿನ ಮೇಲೆಯೇ ಎಡದಿಂದ ಬಲಕ್ಕೆ ಹೋಗಿ ಬಂತು.

"ಯಾರದು, ಗುಬ್ಬಿನಾ?"

"ಹೂಂ, ಅತ್ತಿಗೆ."

"ಹಿಂದೆ ನಿಲ್ಲಬೇಡ" ಎಂದಳು ಅತ್ತಿಗೆ. "ಕಾಣೋ ಹಾಗೆ ಮುಂದೆ ಬಂದು ನಿಂತ್ಕೋ."